ತರೀಕೆರೆ ರಸ್ತೆಯ ಜಲ್ಲಿ ಮತ್ತು ನನ್ನ ಆಷಾಢ

ಈ ಸೀಮೆಯ ರಸ್ತೆಗಳ ಉಸ್ತುವಾರಿ ಹೊತ್ತ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಗೆ ತಾವು ಜಲ್ಲಿ ಸುರಿಸಿ, ಕೂರಿಸದೆ ಬಿಟ್ಟಿದ್ದರಿಂದ ನಾನು ಹಂಪೆ ನೋಡದೆಯೇ ಒಂದು ತಿಂಗಳು ಗಂಡನಿಂದ ದೂರವಾಗಬೇಕಾಗಿದೆ. ಜಲ್ಲಿಗೂ ಗಂಡನಿಗೂ ಏನು ಸಂಬಂಧವೆಂದು ಕೇಳುವಿರಾ? ಹೇಳುತ್ತೇನೆ. ಕಾಲು ಇನ್ನೂ ನೋಯುತ್ತಿದೆ. ಕೂತು ಬರೆಯುವುದೊಂದೇ ಈಗ ನನ್ನಿಂದಾಗುವ ಕೆಲಸ.

ಈ ವೈಶಾಖದಲ್ಲಿ ನಮ್ಮ ಮದುವೆಯಾಯಿತು. ಮೈಸೂರಿನಿಂದ ಹಂಪೆಯವರೆಗೆ ಸೈಕಲ್ ಮೇಲೆ ಹೋಗೋಣವೇ ಎಂದು ನಮ್ಮವರು ಕೇಳಿದಾಗ, ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಸೈಕಲ್ ಕಲಿತಿದ್ದ ನಾನು ಕುಣಿದಾಡಿದೆ. ಆಷಾಢ ಹುಟ್ಟಿದರೆ ಹೊಸ ಹೆಣ್ಣು ಗಂಡನನ್ನು ಬಿಟ್ಟು ತವರಿಗೆ ಹೋಗಬೇಕು. ಅಷ್ಟರೊಳಗೆ ಹಂಪೆ ಮುಟ್ಟುವುದೇ ನಮ್ಮ ಪಣ. ಎಷ್ಟು ಚೆನ್ನಾಗಿತ್ತು! ಕಡೂರಿನ ತೆಂಗಿನ ನೆರಳು, ಬೆನ್ನಿಗೆ ಬೀಸುವ ಬೆಳಗಿನ ಗಾಳಿ, ಬೀರೂರಿನ ಬಳಿ ರೈಲಿನೊಂದಿಗೆ ಪೈಪೋಟಿ. ಮಧ್ಯಾಹ್ನ ಗಾಳಿ ಎದುರಾಗುತ್ತಿತ್ತು. ಏರಿನಲ್ಲಿ ಇಳಿದು ತಳ್ಳುವಾಗ ಮಾತಿಲ್ಲದ ಜಗಳ. ಸಂಜೆ ಯಾರದೋ ಜಗಲಿಯಲ್ಲಿ ಮಜ್ಜಿಗೆ ಕುಡಿದು ರಾಜಿ.

ತರೀಕೆರೆ ದಾಟಿದ ಮೇಲೆ ತಮ್ಮ ಕೃಪೆ ಶುರುವಾಯಿತು. ಊರಾಚೆ ಬೇಲಿಯ ಪಕ್ಕದಲ್ಲಿ ಕಲ್ಲಿನ ರೋಲರ್ ಒಂದು ಬಳ್ಳಿ ಹೊದ್ದು ಮಲಗಿತ್ತು. ಅಲ್ಲಿಂದಾಚೆ ಬರೀ ಜಲ್ಲಿ. ನಮ್ಮ ಸಂಸ್ಥಾನದ ರಸ್ತೆಗಳು ಅತ್ಯುತ್ತಮವೆಂದು ಶಾಲೆಯ ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದವಳು ನಾನು. ಆ ಅಂಕಗಳನ್ನು ಈಗ ಯಾವ ಕಚೇರಿಗೆ ಹಿಂದಿರುಗಿಸಲಿ? ಪಂಕ್ಚರ್, ತೇಪೆ, ಮತ್ತೆ ಪಂಕ್ಚರ್. ಕೊನೆಗೆ ಟ್ಯೂಬಿನಲ್ಲಿ ರಬ್ಬರಿಗಿಂತ ತೇಪೆಯೇ ಹೆಚ್ಚಾಯಿತು. ರಸ್ತೆ ಬಿಟ್ಟು ಹೊಲದ ಅಂಚಿನಲ್ಲಿ ಜಾಡು ಮಾಡಿಕೊಂಡು ಹೋಗುತ್ತಿದ್ದ ಗಾಡಿಯ ಬೆನಕಪ್ಪನನ್ನು ವಿಚಾರಿಸಿದೆವು. ಗಾಡಿಗಳು ಓಡಾಡಿದರೆ ಜಲ್ಲಿ ತಾನಾಗಿ ಕೂರುತ್ತದೆ, ರೋಲರ್ ಬೇಡವೆಂದು ತಮ್ಮ ಅಪ್ಪಣೆಯಂತೆ.

"ಸಾಹೇಬ್ರು ನಮ್ಗೆ ಹೇಳವ್ರೆ, ಸರಿ. ಎತ್ತುಗೆ ಯಾರು ಹೇಳಾದು?" ಎಂದ ಅವನು. "ನೀವೇ ಕಣವ್ವಾ ಮೊದಲು ತುಳಿದೋರು. ಪುಣ್ಯ ಬತ್ತದೆ ಬಿಡಿ."

ಅವನ ಜಾಡಿಗೂ ಇಳಿದು ನೋಡಿದೆವು; ಮಳೆಯ ಕೆಸರಿನಲ್ಲಿ ಚಕ್ರಗಳು ಹೂತವು. ಸೈಕಲ್ಲುಗಳನ್ನು ನೂಕಿಕೊಂಡು ಅಜ್ಜಂಪುರ ಸೇರುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆಯ ಸಂಜೆ. ಬೆಳಗಾದರೆ ಆಷಾಢ. ನಮ್ಮವರ ಸೋದರತ್ತೆ ಹಾಲಮ್ಮನವರು ಕಾಲಿಗೆ ಬಿಸಿನೀರು ಕೊಟ್ಟು, ನನ್ನನ್ನು ದಾವಣಗೆರೆಯ ತವರಿಗೆ ರೈಲು ಹತ್ತಿಸುವ ಮಾತೆತ್ತಿದರು. ಗಂಡಹೆಂಡಿರು ಒಂದೇ ಸೂರಿನಡಿ ಇರಬಾರದು ಎಂದಲ್ಲವೇ ನಿಯಮ, ನಾವು ಇರುವುದು ರಸ್ತೆಯ ಮೇಲೆ ಎಂದು ವಾದಿಸಿದೆ.

"ಆಕಾಶನೂ ಒಂದು ಸೂರೇ ಕಣೇ," ಎಂದರು.

ಅಂದು ರಾತ್ರಿಯೇ ನನ್ನ ಗಂಟು ಕಟ್ಟಿದೆ. ರೈಲು ಹೊರಟಾಗ ನಮ್ಮವರು ಎರಡೂ ಸೈಕಲ್ಲುಗಳನ್ನು ಹಿಡಿದು ನಿಂತಿದ್ದರು. ಒಬ್ಬರೇ ಹಂಪೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಆದ್ದರಿಂದ ಸಾಹೇಬರೇ, ಶ್ರಾವಣ ಬಂದೊಡನೆ ನಾವು ಮತ್ತೆ ತರೀಕೆರೆಯಿಂದಲೇ ಹೊರಡುತ್ತೇವೆ. ನೂಕಿಕೊಂಡು ಬಂದ ದಾರಿಯನ್ನು ಸವಾರಿಯೆಂದು ಹೇಳಿಕೊಳ್ಳಲು ನಮಗೆ ಮನಸ್ಸಿಲ್ಲ. ಅಷ್ಟರೊಳಗೆ ಆ ರೋಲರನ್ನು ನಿದ್ದೆಯಿಂದ ಎಬ್ಬಿಸಿ, ಜಲ್ಲಿ ಕೂರಿಸಿ. ಕೂತಿದೆಯೋ ಇಲ್ಲವೋ ನೋಡಲು ರೈಲಿನಲ್ಲಿ ಬರಬೇಡಿ. ಸೈಕಲ್ ಮೇಲೆ ಬನ್ನಿ, ಮನೆಯವರನ್ನೂ ಕರೆತನ್ನಿ. ನಮಗೆ ಬೇಡವಾದ ಈ ಆಷಾಢ ತಮಗಾದರೂ ಉಪಯೋಗಕ್ಕೆ ಬರಲಿ.

ಇಂತಿ,
ತಮ್ಮ ಜಲ್ಲಿಯನ್ನು ಎತ್ತುಗಳಿಗಿಂತ ಮೊದಲು ತುಳಿದು,
ಸದ್ಯ ತವರಿನಲ್ಲಿ ಕೂತಿರುವ ಹೊಸ ಸೊಸೆ