ತೆರೆಯ ಆಚೆ ಕಡೆಯ ಮುಖ

ನಂಜನಗೂಡು
ಕ್ರಿ.ಶ. 2191, ಶುಕ್ಲಪಕ್ಷದ ಹದಿನೇಳನೆಯ ದಿನ

ಇಂಚರಜ್ಜಿಯವರಿಗೆ ತುಂಬೆ ಮಾಡುವ ನಮಸ್ಕಾರಗಳು.

ಮೇಲಿನ ತಿಥಿ ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಚಂದ್ರ ಸ್ವಲ್ಪ ನಿಧಾನ. ಹುಣ್ಣಿಮೆ ಎರಡು ದಿನ ತಡವಾಗಿ ಬರುತ್ತದೆ, ನಾವೂ ಕಾಯುತ್ತೇವೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮಗೆ ಗೊತ್ತಿಲ್ಲದ ಮಾತು ಬಂದಾಗ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಅಜ್ಜಿ ಎಂದು ಕರೆಯುವುದಕ್ಕೂ ಕ್ಷಮೆ ಇರಲಿ. ನಿಮಗಿನ್ನೂ ಮದುವೆಯೇ ಆಗಿಲ್ಲ, ತಲೆಯಲ್ಲಿ ಒಂದು ಬಿಳಿ ಕೂದಲೂ ಇಲ್ಲ. ಆದರೂ ನನ್ನ ತಾಯಿಯ ಅಜ್ಜಿಗೆ ಅಜ್ಜಿ ನೀವು, ಬೇರೆ ಏನೆಂದು ಕರೆಯಲಿ?

ಇದು ಹಿಂದೋಲೆ. ಹಿಂದಿನವರಿಗೆ ಬರೆಯುವ ಓಲೆಗೆ ನಾವು ಇಟ್ಟುಕೊಂಡ ಹೆಸರು. ಇದು ಕಾಗದವಾಗಿ ನಿಮ್ಮ ಕೈ ಸೇರುವುದಿಲ್ಲ. ಬೆಳಗಿನ ಜಾವದ ನಿದ್ದೆಯಲ್ಲಿ ಯಾರೋ ಪಕ್ಕದಲ್ಲಿ ಕೂತು ಮೆಲ್ಲಗೆ ಓದಿದ ಹಾಗೆ ಕೇಳಿಸುತ್ತದೆ, ಎದ್ದು ಹಲ್ಲುಜ್ಜುವಷ್ಟರಲ್ಲಿ ಮುಕ್ಕಾಲು ಭಾಗ ಮರೆತುಹೋಗಿರುತ್ತದೆ. ಜೀವಮಾನಕ್ಕೆ ಒಂದೇ ಹಿಂದೋಲೆ. ಬರೆದದ್ದನ್ನು ಅಳಿಸುವಂತಿಲ್ಲ. ಜನ ಇದನ್ನು ದೊಡ್ಡ ದೊಡ್ಡ ವಿಷಯಗಳಿಗಾಗಿ ಎತ್ತಿಟ್ಟುಕೊಳ್ಳುತ್ತಾರೆ. ನಾನು ನಿಮ್ಮ ಮದುವೆಗೆ ಎರಡನೇ ಫೋಟೋಗ್ರಾಫರ್ ಬೇಕೋ ಬೇಡವೋ ಎನ್ನುವುದಕ್ಕೆ ಖರ್ಚು ಮಾಡುತ್ತಿದ್ದೇನೆ. ನನ್ನ ಗಂಡ ಬೆಳಗಿನಿಂದ ನಗುತ್ತಿದ್ದಾನೆ. ನಗಲಿ ಬಿಡಿ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಬಿಳಿ ವರ್ಷಗಳು ಬಂದವು. ಯಂತ್ರಗಳಲ್ಲಿ ಕೂಡಿಟ್ಟಿದ್ದ ಚಿತ್ರಗಳೆಲ್ಲ ಒಂದೊಂದಾಗಿ ಬೆಳ್ಳಗಾಗಿ ಹೋದವು. ಕಾಗದದ ಮೇಲೆ ಅಚ್ಚು ಹಾಕಿಸಿದ್ದು ಮಾತ್ರ ಉಳಿಯಿತು. ದನಿಗಳಿಗೆ ಏನೂ ಆಗಲಿಲ್ಲ. ಈಗ ಪ್ರತಿ ಮನೆಯ ಗೋಡೆಯಲ್ಲೂ ಒಂದು ದನಿಗೂಡು ಇರುತ್ತದೆ. ದೀಪ ಇಡುವ ಗೂಡಿನಷ್ಟೇ ಅಗಲ, ಕಿವಿ ಇಟ್ಟರೆ ಹಿಂದಿನವರು ಮಾತಾಡುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಬಿಸಿಲು ಹೆಚ್ಚು. ಬೀದಿಯ ಉದ್ದಕ್ಕೂ ನೆರಳುಬಟ್ಟೆ ಎಳೆದು, ಬಾಗಿಲು ಹಾಕಿಕೊಂಡು ಊರೇ ಮಲಗುತ್ತದೆ. ಕಪಿಲೆಯ ಕಡೆಯಿಂದ ಗಾಳಿ ತಿರುಗಿದ ಮೇಲೆ ಎದ್ದು ಮುಖ ತೊಳೆಯುತ್ತೇವೆ, ಮಿಂಚುಹುಳು ಸಾಕುವವರು ದೀಪದ ಬುಟ್ಟಿಗಳನ್ನು ಮನೆಮನೆಗೆ ತಂದು ನೇತುಹಾಕುತ್ತಾರೆ. ನನ್ನ ತಾಯಿ ಪನ್ನೀರಮ್ಮ ಆ ಹೊತ್ತಿಗೆ ಅವರೆಕಾಳು ಬಿಡಿಸುತ್ತ, ದನಿಗೂಡಿಗೆ ಕಿವಿಯೊಡ್ಡಿ, ನೀವೂ ನಿಮ್ಮ ತಂಗಿ ಸಿಂಚನಾ ಅವರೂ ಫೋನಿನಲ್ಲಿ ಕಳಿಸಿಕೊಂಡ ಮಾತುಗಳನ್ನು ಕೇಳುತ್ತಾರೆ. ನಿಮ್ಮಿಬ್ಬರ ಜಗಳ ನಮಗೆಲ್ಲ ಬಾಯಿಪಾಠ.

ಫೋಟೋದ ಸಿದ್ದೇಶ ಹೇಳಿದ್ದೂ ಅದರಲ್ಲಿದೆ. ಅಂತರಪಟ ಇಳಿಯುವ ಹೊತ್ತಿನ ಬಗ್ಗೆ ಅವನ ಮಾತು: "ತೆರೆ ಇಳಿಯೋವಾಗ ನಾನು ಒಂದೇ ಕಡೆ ನಿಂತ್ಕೊಳ್ಳೋಕಾಗೋದು ಮೇಡಂ. ನಿಮ್ ಮುಖ ಬೇಕಾ, ಸಾರ್ ಮುಖ ಬೇಕಾ?" ನಿಮಗೆ ಎರಡೂ ಬೇಕಿತ್ತು. ಆ ಗಳಿಗೆಯಲ್ಲಿ ನೀವು ಅಳುತ್ತಿರುತ್ತೀರಿ, ಮದುಮಗ ಭಾರ್ಗವ ಅವರ ಮುಖ ಸರಿಯಾಗಿ ಕಾಣುವುದೇ ಇಲ್ಲ, ಆಮೇಲಾದರೂ ನೋಡಬೇಕು ಎಂದು ತಂಗಿಯ ಹತ್ತಿರ ಹೇಳಿಕೊಂಡಿರಿ. ಎರಡನೆಯವನು ನಿಲ್ಲಬೇಕಾದ ಜಾಗ ಹೆಣ್ಣಿನ ಕಡೆ, ವೇದಿಕೆಯ ಎಡ ಅಂಚು. ಅದರ ಕೆಳಗೇ ನಿಮ್ಮ ಅಜ್ಜಿ ಸಾಕಮ್ಮನವರ ಕುರ್ಚಿ ಹಾಕುವುದೆಂದು ಆಗಲೇ ಮಾತಾಗಿತ್ತು, ಮೊಣಕಾಲು ನೋವಿನಿಂದ ಅವರು ವೇದಿಕೆ ಹತ್ತಲಾರರು. ಸಾಕಮ್ಮನವರು ಒಂದೇ ಮಾತಿನಲ್ಲಿ ತಕರಾರು ತೆಗೆದರು: "ಹೋದ ಮದ್ವೇಲಿ ನಾ ನೋಡಿದ್ದು ಫೋಟೋದವನ ಬೆನ್ನು ಕಣವ್ವ. ನಾನ್ ಹಾಕಿದ್ ಅಕ್ಷತೇನೂ ಅವನ ಬೆನ್ಮೇಲೇ ಬಿತ್ತು."

ಕೇಳುತ್ತ ಕೇಳುತ್ತ ಈ ಮಾತಿಗೆ ಬಂದಾಗಲೆಲ್ಲ ನಾವು ನಗುತ್ತೇವೆ. ನೀವೂ ನಕ್ಕಿರಿ. ಆಮೇಲೆ, ನಾಳೆ ಬೆಳಿಗ್ಗೆ ಸಿದ್ದೇಶನಿಗೆ ಹೇಳ್ತೀನಿ ಎಂದಿರಿ. ಅಲ್ಲಿಗೆ ದನಿ ಮುಗಿಯುತ್ತದೆ. ಏನು ಹೇಳಿದಿರೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಓಲೆಯನ್ನು ಆ ಬೆಳಗಿನ ನಿದ್ದೆಗೇ ಕಳಿಸುತ್ತಿದ್ದೇನೆ.

ನಿಮ್ಮ ಮದುವೆಯದೆಂದು ನಮ್ಮಲ್ಲಿ ಉಳಿದಿರುವುದು ಕಾಗದದ ಒಂದೇ ಒಂದು ಚಿತ್ರ. ನಿಮ್ಮ ಮುಖ, ಇಳಿಯುತ್ತಿರುವ ತೆರೆಯ ಅಂಚು, ಜೀರಿಗೆ ಬೆಲ್ಲ ಹಿಡಿದ ಕೈ. ಅಷ್ಟೇ. ಕಣ್ಣು ತುಂಬಿದೆ, ತುಟಿ ನಗುತ್ತಿದೆ, ಕತ್ತು ಒಂದಿಷ್ಟು ವಾಲಿದೆ, ನೋಟ ಸ್ವಲ್ಪ ಕೆಳಕ್ಕೆ ಇಳಿದಿದೆ. ನೀವು ನೋಡುತ್ತಿರುವುದು ಗಂಡನನ್ನೇ ಎಂದು ಎಲ್ಲರೂ ನಂಬಿದ್ದೇವೆ. ನೋಟ ಕೆಳಗಿರುವುದರಿಂದ ಭಾರ್ಗವಜ್ಜ ಕುಳ್ಳಗಿದ್ದರೆಂದೂ ತೀರ್ಮಾನವಾಗಿದೆ. ನಮ್ಮ ಮನೆಯಲ್ಲಿ ಯಾವ ಮಗು ಎತ್ತರ ಬೆಳೆಯದಿದ್ದರೂ ಆ ತಪ್ಪನ್ನು ಮುಖವೇ ಕಾಣದ ಅವರ ತಲೆಗೆ ಕಟ್ಟುತ್ತೇವೆ.

ನನ್ನ ತಾಯಿಗೆ ಈಗ ಕಣ್ಣು ಮಂಜಾಗುತ್ತಿದೆ. ದೀಪದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಚಿತ್ರವನ್ನು ಮೂಗಿಗೆ ತಾಗುವಷ್ಟು ಹಿಡಿದು ನೋಡುತ್ತಾರೆ. ಇಷ್ಟು ಪ್ರೀತಿಯಿಂದ ನೋಡಿಸಿಕೊಂಡವರ ಮುಖ ಹೇಗಿತ್ತೋ, ಪೂರ್ತಿ ಕತ್ತಲಾಗುವ ಮೊದಲು ಒಂದು ಸಲ ಕಾಣಬೇಕಿತ್ತು ಎನ್ನುತ್ತಾರೆ. ಅವರು ಜನ್ಮದಲ್ಲಿ ಇನ್ನೇನನ್ನೂ ಹೀಗೆ ಬಾಯಿಬಿಟ್ಟು ಕೇಳಿದವರಲ್ಲ. ಅದಕ್ಕೇ ಅಜ್ಜಿ, ನನ್ನ ಒಂದೇ ಓಲೆಯಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಎರಡನೆಯವನನ್ನೂ ಕರೆಸಿ. ಭಾರ್ಗವಜ್ಜನ ಮುಖ ತೆಗೆಸಿ, ಕಾಗದದ ಮೇಲೆ ಅಚ್ಚು ಹಾಕಿಸಿ.

ಇಷ್ಟು ಬರೆದು ಎದ್ದಿದ್ದೆ. ಈಗ ಸಂಜೆ.

ನನ್ನ ಮಗಳು ಹೊಂಗೆಗೆ ಮದುವೆ ಗೊತ್ತಾಗಿದೆ. ಇವತ್ತು ತೆರೆ ಪಳಗಿಸುವ ಶಾಸ್ತ್ರವಿತ್ತು. ನಮ್ಮಲ್ಲಿ ಜೀರಿಗೆ ಸಿಗುವುದೇ ಕಷ್ಟ, ಮುಹೂರ್ತದಲ್ಲಿ ಕೈ ನಡುಗಿ ಚೆಲ್ಲಿಹೋಗಬಾರದೆಂದು ಮೊದಲೇ ಮನೆಯಲ್ಲಿ ತೆರೆ ಹಿಡಿದು ಇಳಿಸಿ, ಹುಡುಗ ಹುಡುಗಿಯ ಕೈಗೆ ಕಡಲೆಪುರಿ ಕೊಟ್ಟು ಎರಚಿಸಿ ಅಭ್ಯಾಸ ಮಾಡಿಸುತ್ತೇವೆ. ಇಬ್ಬರನ್ನೂ ಜಗಲಿಯ ಮೇಲೆ ಎದುರುಬದುರು ನಿಲ್ಲಿಸಿದೆವು. ನನ್ನ ತಾಯಿ ಜಗಲಿ ಹತ್ತಲಾರರು. ಕೆಳಗೆ, ಹೊಂಗೆಯ ಎಡಗಡೆ, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ತೆರೆ ಇಳಿಯಿತು. ಹುಡುಗ ಹಲ್ಲು ಬಿಟ್ಟುಕೊಂಡು ಎದುರಿಗೇ ನಿಂತಿದ್ದ. ಹೊಂಗೆ ಅವನನ್ನು ನೋಡಲಿಲ್ಲ. ಕತ್ತು ಸ್ವಲ್ಪ ವಾಲಿಸಿ, ಕೆಳಗೆ ಎಡಕ್ಕೆ, ಅಜ್ಜಿಗೆ ಕಾಣುತ್ತಿದೆಯೋ ಇಲ್ಲವೋ ಎಂದು ನೋಡಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಕಾಗದದ ಮೇಲಿನ ನಿಮ್ಮ ಮುಖ.

"ಅಯ್ಯೋ, ಹುಡುಗನ್ನ ನೋಡೇ. ನನ್ನೇನ್ ನೋಡ್ತೀಯ," ಎಂದು ಅಮ್ಮ ಗದರಿದರು. ಗದರುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಒಳಗೆ ಓಡಿ ಚಿತ್ರ ತಂದು ಅವರ ಕೈಗಿಟ್ಟೆ. ಹೊಂಗೆಯನ್ನು ಅದೇ ಜಾಗದಲ್ಲಿ ಅಲ್ಲಾಡದೆ ನಿಲ್ಲಲು ಹೇಳಿದೆ. ಅಮ್ಮ ಚಿತ್ರ ನೋಡಿದರು, ಮೊಮ್ಮಗಳನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಚಿತ್ರವನ್ನು ಮಡಿಲಿಗೆ ಇಳಿಸಿ, "ಗಂಡನ್ನಲ್ಲ ಕಣೆ ತುಂಬೆ, ಅಜ್ಜೀನ ನೋಡ್ತಿದ್ದಾಳೆ," ಎಂದರು.

ನೀವು ನೋಡುತ್ತಿದ್ದದ್ದು ಸಾಕಮ್ಮನವರನ್ನು. ಅವರ ಕುರ್ಚಿಗೂ ನಿಮಗೂ ನಡುವೆ ಯಾರೂ ನಿಂತಿರಲಿಲ್ಲ. ನಿಂತಿದ್ದರೆ ಆ ನೋಟ ಒಂದು ಕ್ಯಾಮೆರಾಕ್ಕೆ ಹೋಗಿ ತಾಗುತ್ತಿತ್ತು, ಅವರು ಮತ್ತೊಂದು ಮದುವೆಯಲ್ಲಿ ಮತ್ತೊಂದು ಬೆನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ಮೇಲೆ ಬೇಡಿಕೊಂಡದ್ದು ಸರಿಯಾಗಿ ಆ ಬೆನ್ನನ್ನೇ. ಅದನ್ನು ಈಗ ಅಳಿಸಲಾರೆ. ನಿದ್ದೆಯಲ್ಲಿ ಎರಡೂ ಕೇಳಿಸುತ್ತದೆ, ದಯವಿಟ್ಟು ಆಮೇಲಿನದನ್ನು ಹಿಡಿದುಕೊಳ್ಳಿ. ಎರಡನೆಯವನು ಬೇಡ ಅಜ್ಜಿ. ಆ ಜಾಗ ಖಾಲಿ ಇರಲಿ.

ಭಾರ್ಗವಜ್ಜನ ಮುಖವನ್ನು ನಾವು ಯಾವತ್ತೂ ನೋಡುವುದಿಲ್ಲ. ಬೇರೆ ಹೊತ್ತಿನ ಚಿತ್ರವನ್ನಾದರೂ ಅಚ್ಚು ಹಾಕಿಸಿ ಎಂದು ಕೇಳಬಹುದಿತ್ತು, ಆದರೆ ಎದ್ದ ಮೇಲೆ ನಿಮ್ಮಲ್ಲಿ ಉಳಿದರೆ ಒಂದೇ ಮಾತು ಉಳಿಯುತ್ತದೆ, ಅದು ಆ ಖಾಲಿ ಜಾಗದ ಮಾತಾಗಿರಲಿ. ಬೇಸರವಾಗುತ್ತದೆ, ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಕುಳ್ಳಗಿದ್ದರೆಂಬುದಕ್ಕೆ ಈಗ ಆಧಾರವೂ ಇಲ್ಲ, ಆದರೂ ಆ ಮಾತನ್ನು ಬಿಟ್ಟುಕೊಡಲು ಮನೆಯಲ್ಲಿ ಯಾರೂ ತಯಾರಿಲ್ಲ. ನೀವೇ ಅವರನ್ನು ಕಣ್ತುಂಬ ನೋಡಿಕೊಳ್ಳಿ, ನಿಮಗೆ ಇಡೀ ಆಯುಸ್ಸಿದೆ. ಸಾಕಮ್ಮನವರಿಗೆ ಅಷ್ಟು ಸಮಯವಿಲ್ಲ.

ನಿಮ್ಮ ಕಾಲದಲ್ಲಿ ಇನ್ನೇನು ಬೆಳಕಾಗುತ್ತದೆ, ನೀವು ಏಳುತ್ತೀರಿ. ಇದರಲ್ಲಿ ಏನೂ ನೆನಪಿರದಿದ್ದರೂ ಪರವಾಗಿಲ್ಲ. ಸಿದ್ದೇಶನಿಗೆ ಫೋನ್ ಮಾಡುವಾಗ, ಯಾಕೆಂದು ಗೊತ್ತಾಗದೆ, ಒಬ್ಬರೇ ಸಾಕು ಎಂದು ನಿಮ್ಮ ಬಾಯಿಗೆ ಬಂದರೆ ನನ್ನ ಓಲೆ ಮುಟ್ಟಿತೆಂದು ತಿಳಿಯುತ್ತೇನೆ. ಆ ದಿನ ತೆರೆ ಇಳಿದಾಗ ಮೊದಲು ಎಡಕ್ಕೆ ನೋಡಿ. ನನ್ನ ತಾಯಿ ಕುರ್ಚಿಯನ್ನು ಒಳಕ್ಕೆ ತರಲು ಬಿಡದೆ, ಆ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು, ಇನ್ನೂ ಅಲ್ಲೇ ಅಂಗಳದಲ್ಲಿ ಕೂತಿದ್ದಾರೆ. ಇಂಚರಾ ನನ್ನನ್ನೇ ನೋಡ್ತಿದ್ದಾಳೆ ಎನ್ನುತ್ತಿದ್ದಾರೆ.