ಐಸ್‌ಲ್ಯಾಂಡಿಗಾಗಿ ಕಲಿತ ಮೊದಲ ವಾಕ್ಯ

ರೀ,

ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಮಗಳನ್ನು ಐದರೊಳಗೆ ಡೇಕೇರಿನಿಂದ ಕರೆತನ್ನಿ. ನಾನು ಯೂನಿಯನ್ ಸಿಟಿಗೆ, ಸರೋಜಿನಿ ಅಕ್ಕನ ಮನೆಗೆ ಹೋಗಿದ್ದೇನೆ. ಇವತ್ತು ಫೋನು ಮಾಡಬೇಡಿ.

ಐಸ್‌ಲ್ಯಾಂಡಿಕ್ ಭಾಷೆ ಕಲಿಸುವ ಕ್ಯಾಸೆಟ್ಟು ಟೀವಿ ಮೇಲಿದೆ, ಲೈಬ್ರರಿಗೆ ವಾಪಸ್ಸು ಕೊಟ್ಟುಬಿಡಿ, ನನಗಿನ್ನು ಬೇಡ. ನಿಮ್ಮ ಕಂಪನಿಯವರು ಎರಡು ವರ್ಷ ಐಸ್‌ಲ್ಯಾಂಡಿಗೆ ಕಳಿಸುತ್ತಾರೆ ಎಂದಾಗಿನಿಂದ ಆರು ವಾರ ಕಲಿತೆ. ‘ಇದರಲ್ಲಿ ಮೀನು ಇದೆಯಾ?’ ಎಂದು ಈ ಹುಳಿ ಪಾತ್ರೆಯನ್ನೇ ಕೇಳಿ ಅಭ್ಯಾಸ ಮಾಡಿದೆ. ಕೇಳಲು ಬಂತು. ಅವರು ಕೊಡುವ ಉತ್ತರ ತಿಳಿಯುವುದು ಯಾವಾಗ?

ಈ ದೇಶದಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಡುವುದಕ್ಕೇ ನನಗೆ ಏಳು ವರ್ಷ ಬೇಕಾಯಿತು. ಹೋದ ತಿಂಗಳಷ್ಟೇ ಗ್ರೋಸರಿ ಅಂಗಡಿಯ ಹೆಂಗಸಿನ ಜೊತೆ ನಾಲ್ಕು ಮಾತಾಡಿ ನಕ್ಕು ಬಂದೆ. ನಿಮಗೆ ಹೇಳಿದ್ದೆ. ನೀವು ಪೇಪರು ಓದುತ್ತಿದ್ದಿರಿ.

ನಿನ್ನೆ ನಿಮ್ಮ ನೋಟ್‌ಬುಕ್ಕು ತೆರೆದು ನೋಡಿದೆ. ನಿಮಗೆ ಐಸ್‌ಲ್ಯಾಂಡಿಕ್ ಹೇಳಿಕೊಡುವ ಮೇಷ್ಟರ ಹತ್ತಿರ ಬರೆಸಿಕೊಂಡ ಮೊದಲನೇ ವಾಕ್ಯದ ಪಕ್ಕದಲ್ಲಿ, ಕನ್ನಡದಲ್ಲಿ ಅದರ ಅರ್ಥ, ನಿಮ್ಮದೇ ಅಕ್ಷರ: ‘ನನ್ನ ಹೆಂಡತಿಗೆ ಮಾತಾಡೋಕೆ ಬರಲ್ಲ, ಏನಿದ್ರೂ ನನ್ನನ್ನೇ ಕೇಳಿ.’

ಏಳು ವರ್ಷ ಇಲ್ಲೂ ಎಲ್ಲರಿಗೂ ಅದನ್ನೇ ಹೇಳಿದಿರಿ.

ನನ್ನ ಟಿಕೆಟ್ಟೂ ಮಾಡಿಸಿ, ಐಸ್‌ಲ್ಯಾಂಡಿಗೆ ಬರುತ್ತೇನೆ. ಆ ವಾಕ್ಯವನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಳ್ಳಿ. ಅಲ್ಲಿ ಅದು ನಿಜವಾಗುತ್ತದೆ.

ಪಂಕಜಾ