ತಾತ ತೆರಿಗೆಗೆ ಒಪ್ಪಿದರು

ಬ್ಯಾಡರಹಳ್ಳಿ
೯ ಫೆಬ್ರವರಿ ೨೦೨೬

ಪ್ರೀತಿಯ ಅಜ್ಜೀ,

ನಿನ್ನ ಮಂಡಿನೋವು ಹೇಗಿದೆ? ಅತ್ತೆಯ ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಪಾಪು ರಾತ್ರಿಯೆಲ್ಲ ಅಳುತ್ತದಂತೆ. ನಿನ್ನ ಮೊಮ್ಮಗು ತಾನೆ, ಗಂಟಲು ಗಟ್ಟಿ ಇರಲೇಬೇಕು. ಫೋನಿನಲ್ಲಿ ಹೇಳಿದರೆ ತಾತನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ಅಜ್ಜೀ, ನಾನು ಫೈನಲ್ಲಿಗೆ ಬಂದೆ! ನಮ್ಮ ಲಾ ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆ ಇತ್ತಲ್ಲ, ಅದರಲ್ಲಿ. ಸಿರಿವಂತರ ಆಸ್ತಿಯ ಮೇಲೆ ದೇಶಕ್ಕೆಲ್ಲ ಒಂದೇ ತೆರಿಗೆ ಹಾಕಲು ಸಂವಿಧಾನ ಒಪ್ಪುತ್ತದೆಯೇ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ಸರ್ಕಾರದ ಪಕ್ಷ ಬಂತು. ತಾತ ಅದನ್ನು ನಿಜವಾದ ಕೇಸೇ ಎಂದುಕೊಂಡುಬಿಟ್ಟರು. ಪಕ್ಕದ ಮನೆ ಬೈರಯ್ಯಮಾವ, ಲೇಔಟಿಗೆ ಜಮೀನು ಕೊಟ್ಟವರು ಎಲ್ಲ ನಮ್ಮ ಜಗಲಿಯಲ್ಲಿ ಕೂತು, ಮನೆ ಹುಡುಗಿಯೇ ಮನೆಗೆ ತೆರಿಗೆ ತರುತ್ತಾಳೆ ಎಂದು ಕಿವಿ ಊದಿದರು. ತಾತ ನನ್ನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಅಪ್ಪನ ಬಾಯಲ್ಲಿ ಕೇಳಿಸುತ್ತಿದ್ದರು. ನನಗೆ ಅನ್ನವೇ ಸೇರುತ್ತಿರಲಿಲ್ಲ.

ಮೊನ್ನೆ ಸೆಮಿಫೈನಲ್ಲಿನಲ್ಲಿ ತಿರುಗಿ ನೋಡಿದರೆ ಹಿಂದಿನ ಬೆಂಚಿನಲ್ಲಿ ತಾತ, ಹೆಗಲ ಮೇಲೆ ಟವಲ್ಲು ಹಾಕಿಕೊಂಡು! ಬೇಸಾಯದ ಜಮೀನು ಬಿಟ್ಟು ಉಳಿದ ಆಸ್ತಿಯ ಬೆಲೆಯ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಕೇಂದ್ರ ಪಟ್ಟಿಯಲ್ಲೇ ಇದೆ, ಹಿಂದಿದ್ದ ತೆರಿಗೆಯನ್ನು ತೆಗೆದ ಮಾತ್ರಕ್ಕೆ ಆ ಅಧಿಕಾರ ಹೋಗುವುದಿಲ್ಲ ಎಂದು ವಾದಿಸಿದೆ. ಜಡ್ಜಾಗಿ ಕೂತಿದ್ದ ವಕೀಲರು, ಬೆಲೆ ಏರಿದ್ದು ಮಾಲೀಕನ ಅದೃಷ್ಟ, ಅದರಲ್ಲಿ ಸರ್ಕಾರಕ್ಕೇನು ಪಾಲು ಎಂದು ಕೆಣಕಿದರು. ನನ್ನ ಬಾಯಿಗೆ ನಮ್ಮ ಮನೆಯೇ ಬಂತು. ನಮ್ಮ ತಾತನ ಸೈಟಿಗೆ ಬೆಲೆ ಬಂದದ್ದು ಮಾಗಡಿ ರಸ್ತೆ ಅಗಲವಾದ ಮೇಲೆ, ಆ ರಸ್ತೆಗೆ ಎಲ್ಲರ ದುಡ್ಡೂ ಬಿದ್ದಿದೆ ಎಂದುಬಿಟ್ಟೆ.

ತಾತ ನನ್ನ ಜೊತೆಯಲ್ಲೇ ಬಸ್ಸು ಹತ್ತಿದರು. ಮನೆಗೆ ಬಂದವರೇ ಜಗಲಿಯಲ್ಲಿದ್ದ ಬೈರಯ್ಯಮಾವನಿಗೆ ಎಲ್ಲರೂ ಕೇಳುವಂತೆ ಹೇಳಿದರು: "ಕಟ್ಟಾನ ಬಿಡ್ಲಾ ಬೈರ. ರೋಡ್ ಏನ್ ನಿಮ್ಮಪ್ಪ ಹಾಕ್ಸಿದ್ನಾ? ನಮ್ಮುಡ್ಗಿ ಸರಿಯಾಗೇ ಹೇಳವ್ಳೆ." ಆಮೇಲೆ ತಮ್ಮ ತಟ್ಟೆಯ ಮುದ್ದೆ ಮುರಿದು ನನಗಿಟ್ಟರು. ಖುಷಿಗೆ ಅತ್ತೇಬಿಟ್ಟೆ ಅಜ್ಜೀ. ಈಗ ಹಾಲಿನ ಡೈರಿಯಲ್ಲೂ ಅವರದು ತೆರಿಗೆಯ ಭಾಷಣವೇ. ಇಪ್ಪತ್ತೆರಡರ ಭಾನುವಾರ ಫೈನಲ್ಲಿಗೆ ಬೀದಿಯವರನ್ನೆಲ್ಲ ಕರೆತರಲು ಟೆಂಪೋ ಬೇರೆ ಮಾತಾಡಿದ್ದಾರೆ.

ಅತ್ತೆಯನ್ನು ಕೇಳಿದೆನೆಂದು ಹೇಳು. ಪಾಪುವಿನ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಆಶೀರ್ವಾದವೊಂದಿದ್ದರೆ ಯಾವ ಜಡ್ಜಿಗೂ ಹೆದರೆನು.

ನಿನ್ನ ಮುದ್ದಿನ
ಸ್ಪಂದನ

ತಾ.ಕ.: ಫೈನಲ್ಲಿಗೆ ಇವತ್ತು ಮತ್ತೆ ಚೀಟಿ ಎತ್ತಿದರು. ನನಗೆ ಎದುರು ಪಕ್ಷ ಬಂದಿದೆ. ಆ ತೆರಿಗೆ ಸಂವಿಧಾನಕ್ಕೇ ವಿರುದ್ಧ ಎಂದು ವಾದಿಸಬೇಕು. ತಾತನಿಗೆ ಇನ್ನೂ ಹೇಳಿಲ್ಲ, ಟೆಂಪೋಗೆ ಅಡ್ವಾನ್ಸ್ ಕೊಟ್ಟಾಗಿದೆ. ಮಂಡಿನೋವಿದ್ದರೂ ಸರಿ, ಬೇಗ ಬಂದುಬಿಡು.